ದರ್ಜಿ ಪ್ರಬುದ್ಧನೂ ನಾಲ್ಕು ಅಂಗಡಿಯ ಟೈಲ್ಸೂ

ಹರಪನಹಳ್ಳಿಯಲ್ಲಿ ಬ್ಲೌಸು ಹೊಲಿಯುವವರು ಐವತ್ತು ಜನ ಇದ್ದಾರು. ಬೇರೆಯವರು ಹೊಲಿದು ಕೆಡಿಸಿದ್ದನ್ನು ಪೂರ್ತಿ ಬಿಚ್ಚದೆ ಸರಿ ಮಾಡಿಕೊಡುವವನು ಪ್ರಬುದ್ಧ ಒಬ್ಬನೇ. ಕೆಟ್ಟ ಬಟ್ಟೆ ಅವನ ಹತ್ತಿರ ಬರುತ್ತದೆ, ಕೆಟ್ಟ ನೆಲ ಟೈಲ್ಸ್ ಕೂರಿಸುವ ನನ್ನ ಹತ್ತಿರ ಬರುತ್ತದೆ. ಅದಕ್ಕೇ ನಮ್ಮಿಬ್ಬರದು ಒಂದೇ ಕಸುಬು ಎಂದು ಅವನು ಹೇಳುತ್ತಾನೆ. ಒಂದೇ ಹೇಗಾದೀತು? ಬಟ್ಟೆ ಕೆಡಿಸಿದವನನ್ನು ಅವನು ಬೈಯುವುದಿಲ್ಲ. ನಾನು ನೆಲ ಕೆಡಿಸಿದವನ ಅಜ್ಜನಿಂದ ಶುರು ಮಾಡುತ್ತೇನೆ.

ಮೆಕ್ಕೆಜೋಳದ ರಾಶಿ ರಸ್ತೆಯ ಅರ್ಧಕ್ಕೆ ಬಂದು ಕೂರುವ ದಿನಗಳಲ್ಲಿ ಅವನ ಫೋನು ಬಂತು.

"ಜಂಬಣ್ಣ, ಮನಿಗೆ ಟೈಲ್ಸ್ ಹಾಕ್ಸಿ ನಾಕು ತಿಂಗಳಾತು. ಸ್ವಲ್ಪ ಆಲ್ಟ್ರೇಷನ್ ಐತಿ. ಬಂದು ನೋಡ್ತಿಯೇನು?"

"ಆಲ್ಟ್ರೇಷನ್ ಮಾಡಾಕ ಅದೇನು ಜಾಕೀಟೇನಲೇ?"

"ನೀ ಬಂದು ನೋಡಪಾ. ಬೈಯೋದಿದ್ರ ಇಲ್ಲೇ ಬಂದು ಬೈಯಿ, ಫೋನ್ನಾಗ ಯಾಕ ಕರೆನ್ಸಿ ಸುಡ್ತಿ."

ಪ್ರಬುದ್ಧನಿಗೆ ಎರಡು ವರ್ಷವಿದ್ದಾಗ ಪೋಲಿಯೋ ಆಗಿ ಎರಡೂ ಕಾಲು ಹೋದವು. ಅವರಪ್ಪ ಗಾಳೆಪ್ಪ ಕೊಟ್ಟೂರು ರಸ್ತೆಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಮಗನಿಗೆ ಏಳು ವರ್ಷವಾದಾಗ ಹಳೆ ಲಾರಿಯ ನಾಲ್ಕು ಬೇರಿಂಗು ತಂದು, ಹೊನ್ನೆ ಹಲಗೆಗೆ ಜೋಡಿಸಿ, ಅವನನ್ನು ಅದರ ಮೇಲೆ ಕೂರಿಸಿ ಅಂಗಳಕ್ಕೆ ಬಿಟ್ಟ. ಅವತ್ತಿನಿಂದ ಹುಡುಗ ಮನೆಯಲ್ಲಿ ನಿಲ್ಲಲಿಲ್ಲ. ಆ ಹಲಗೆ ಸವೆದು ಈಗ ಮೂರನೆಯದು ನಡೆದಿದೆ, ಬೇರಿಂಗು ಎಷ್ಟನೆಯವೋ. ಎರಡು ಕೈಯಲ್ಲಿ ಎರಡು ಮರದ ತುಂಡು ಹಿಡಿದು ನೆಲಕ್ಕೆ ಒತ್ತಿ ತಳ್ಳುತ್ತಾನೆ, ಗಾಡಿ ಓಡುತ್ತದೆ. ಊರೊಳಗೆ ಓಡಾಡಲು ಪಕ್ಕಕ್ಕೆ ಗಾಲಿ ಹಚ್ಚಿದ ಸ್ಕೂಟರ್ ಇದೆ. ಮನೆಯೊಳಗೆ ಮಾತ್ರ ಈ ಬೇರಿಂಗ್ ಗಾಡಿಯೇ. ಅದರ ಮೇಲೆ ಕೂತೇ ಹೊಲಿಯುತ್ತಾನೆ. ಮಷಿನ್ನನ್ನು ಗಿಡ್ಡ ಕಟ್ಟೆಯ ಮೇಲಿಟ್ಟು, ಮೋಟರಿನ ಗುಂಡಿಯನ್ನು ಮೊಣಕೈಗೆ ಸಿಗುವ ಹಾಗೆ ಹಚ್ಚಿಕೊಂಡಿದ್ದಾನೆ. ಊರಿನ ಮಂದಿ ಅವನನ್ನು ನೋಡಿ ಅಯ್ಯೋ ಅನ್ನುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು. ಬಟ್ಟೆ ಹೇಳಿದ ದಿನಕ್ಕೆ ಕೊಡುವುದಿಲ್ಲ, ಹಾಗಾಗಿ ಎಲ್ಲರೂ ಬೈಯುತ್ತಾರೆ. ಅವನಿಗೂ ಅದೇ ಸರಿ.

ಅವನ ಹೆಂಡತಿ ರಮಾ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ತಿಂಗಳ ಸಂಬಳದ ಕೆಲಸ. ಮದುವೆಗೆ ಮುಂಚೆ ಒಂದು ಬ್ಲೌಸು ಹೊಲಿಸಿಕೊಂಡು, ತೋಳು ಬಿಗಿ ಎಂದು ಒಮ್ಮೆ ಬಂದಳು. ಸಡಿಲ ಎಂದು ಇನ್ನೊಮ್ಮೆ ಬಂದಳು. ಮತ್ತೆ ಬಿಗಿ ಎಂದು ಮೂರನೆಯ ಸಲ ಬಂದಳು. ತೋಳು ಮೊದಲೇ ಸರಿಯಾಗಿತ್ತು. ಅದು ಅವನಿಗೂ ಗೊತ್ತಿತ್ತು. ಮೂರು ಸಲವೂ ಬಿಚ್ಚಿ ಹೊಲಿದ. ತಾನು ಜೀವನದಲ್ಲಿ ಪುಕ್ಕಟೆ ಮಾಡಿದ ಆಲ್ಟ್ರೇಷನ್ ಅದೊಂದೇ ಎಂದು ಈಗಲೂ ಹೇಳುತ್ತಾನೆ. "ಪುಕ್ಕಟಿ ಅಂತಾನ ನೋಡಣ್ಣ. ಹದಿನೆಂಟು ವರ್ಷಾತು ಅದರ ಬಡ್ಡಿ ಕಟ್ಟಾಕತ್ತೀನಿ," ಎಂದು ರಮಾ ಒಳಗಿನಿಂದ ಕೂಗುತ್ತಾಳೆ.

ನಾನು ಮೊದಲ ದಿನ ಹೋದಾಗ ಬೆಳಿಗ್ಗೆ ಎಂಟು ಗಂಟೆ. ಬಾಗಿಲು ತೆರೆದೇ ಇತ್ತು. ರಮಾ ಐದೂವರೆಗೇ ಹಾಸ್ಟೆಲಿಗೆ ಹೋಗಿದ್ದಳು. ಪ್ರಬುದ್ಧ ಮಷಿನ್ನಿನ ಹತ್ತಿರದಿಂದ ನನ್ನನ್ನು ಕರೆಯಲು ಬರತೊಡಗಿದ. ಗರ್‍ರ್, ಟಕ್. ಹಿಂದಕ್ಕೆ ಸರಿದು ಜೋರಾಗಿ ತಳ್ಳಿದ. ಗರ್‍ರ್, ಟಕ್. ಮಷಿನ್ನಿನಿಂದ ಬಾಗಿಲಿಗೆ ಹತ್ತು ಅಡಿ. ಅಷ್ಟರಲ್ಲಿ ಐದು ಸಲ ಟಕ್ ಎಂದಿತು. ಪ್ರತಿ ಟೈಲ್ಸಿನ ಅಂಚಿಗೂ ಬೇರಿಂಗು ಹೋಗಿ ಹೊಡೆಯುತ್ತಿತ್ತು. ಒಂದು ಟೈಲ್ಸು ಜೋಳದ ರೊಟ್ಟಿಯಷ್ಟು ಮೇಲೆ, ಪಕ್ಕದ್ದು ಕೆಳಗೆ, ಅದರಾಚೆಯದು ಒಂದು ಮೂಲೆ ಎತ್ತಿಕೊಂಡು ಮುಖ ತಿರುಗಿಸಿ ಕೂತಿತ್ತು, ಬೀಗರ ಮನೆಯಲ್ಲಿ ಮುನಿಸಿಕೊಂಡವರ ಹಾಗೆ. ನೋಡಿದ ಕೂಡಲೇ ನನಗೆ ಮೈ ಉರಿಯಿತು.

"ಯಾವನಲೇ ಹಾಕಿದ್ದು ಇದನ್ನ?"

"ಮೊದಲು ಚಪ್ಪಲಿ ಬಿಡು. ಆಮ್ಯಾಲೆ ಬೈ."

"ಯಾವನಂತ ಹೇಳು!"

"ಬೀರಲಿಂಗೇಶಣ್ಣ."

ಬೀರಲಿಂಗೇಶ ಅದೇ ಓಣಿಯವನು. ಗುಡೇಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವನು, ಬಂಡೆಗಲ್ಲು ಹಾಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬಂಡೆಗಲ್ಲಿನ ಬೆನ್ನು ಗುಡ್ಡದ ಹಾಗಿರುತ್ತದೆ. ಅದರ ಕೆಳಗೆ ಐದು ಕಡೆ ಗಾರೆಯ ಉಂಡೆ ಇಟ್ಟು, ಕಲ್ಲು ಕೂರಿಸಿ, ಗುದ್ದಿ ಗುದ್ದಿ ಮಟ್ಟ ಮಾಡುತ್ತಾರೆ. ಈ ಮಹಾರಾಯ ಟೈಲ್ಸನ್ನೂ ಹಾಗೇ ಕೂರಿಸಿದ್ದ. ಕರಣೆಯ ಹಿಡಿಯಿಂದ ಒಂದೊಂದನ್ನೇ ತಟ್ಟಿದೆ. ಮೂಲೆಗಳಲ್ಲಿ ಗಟ್ಟಿ ಸದ್ದು, ನಡುವೆ ಡೊಳ್ಳು.

ಪೂರ್ತಿ ಕಿತ್ತು ಹೊಸದು ಹಾಕಬೇಕು ಎಂದೆ. ಅವನು ನಗುತ್ತ ಮಷಿನ್ನಿನ ಡ್ರಾದಿಂದ ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಮುಂದಿಟ್ಟ. ಒಳಗೆ ನಾಲ್ಕು ಸಾವಿರದ ಚಿಲ್ಲರೆ.

"ಇಷ್ಟರಾಗ ಎಷ್ಟು ಬರ್ತೈತೋ ಅಷ್ಟ ಮಾಡು."

"ಇಷ್ಟರಾಗ ಬರೇ ಹೊಸ್ತಲ ಬರ್ತೈತಿ."

"ಜಂಬಣ್ಣ, ಒಂದು ಬ್ಲೌಸಿನ ಕಂಕುಳ ಹಿಡಿತೈತಿ ಅಂತ ತಂದ್ರ ನಾ ಎಲ್ಲಾ ಬಿಚ್ಚಿ ಹೊಸಾ ಬಟ್ಟಿ ತಗಂಬಾ ಅಂತೀನೇನು? ಹಿಡಿಯೋ ಜಾಗ ಅಷ್ಟ ಬಿಚ್ಚತೀನಿ."

ಹಾಗೆಂದು ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ನೆಲಕ್ಕೆ ಗೆರೆ ಹಾಕತೊಡಗಿದ. ಮಂಚದಿಂದ ಮಷಿನ್ನಿಗೆ, ಮಷಿನ್ನಿನಿಂದ ಬಾಗಿಲಿಗೆ, ಅಡುಗೆಮನೆಯ ಮುಂದಿನಿಂದ ಹಿಂದಿನ ಬಚ್ಚಲಿಗೆ. ಗೆರೆಯ ಅಗಲ ಅವನ ಹಲಗೆಗಿಂತ ಅರ್ಧ ಗೇಣು ಹೆಚ್ಚು, ಹೊಲಿಗೆಗೆ ಬಿಡುವ ಹಾಗೆ. "ಇಷ್ಟು ದಾರಿ ನಂದು. ಉಳಿದದ್ದು ಹೆಂಗರ ಇರ್ಲಿ. ಮಂಚದ ಕೆಳಗ ನಾ ಯಾಕ ಹೋಗ್ತೀನಿ?"

ಬಗ್ಗಿ ಬಗ್ಗಿ ಗೆರೆ ಹಾಕುವವನ ಕಣ್ಣು ನೆಲದಿಂದ ಎರಡೇ ಅಡಿ ಮೇಲಿತ್ತು. ನಾನು ಮಟ್ಟಗೋಲು ಇಟ್ಟು ಹುಡುಕಿದ ಏರುಪೇರನ್ನು ಅವನು ಬರೇ ಕಣ್ಣಿನಲ್ಲೇ ಹೇಳುತ್ತಿದ್ದ. ಒಂದೂ ತಪ್ಪಲಿಲ್ಲ. ನನಗೆ ಅದಕ್ಕೂ ಸಿಟ್ಟು ಬಂತು.

ರಮಾ ಫ್ಲಾಸ್ಕಿನಲ್ಲಿ ಚಹಾ ಇಟ್ಟುಹೋಗಿದ್ದಳು. ನಾನು ಎರಡು ಲೋಟಕ್ಕೆ ಹಾಕಿದೆ. ಅವನು ತನ್ನ ಲೋಟವನ್ನೂ ನನ್ನ ಕಡೆ ಸರಿಸಿದ.

"ನಿಂದೂ ನೀನ ಕುಡಿ."

"ಯಾಕ, ಚಹಾ ಬಿಟ್ಟೀಯೇನು? ಯಾವ ಸ್ವಾಮಿಗೆ ಹರಕಿ ಹೊತ್ತಿ?"

"ಆಮ್ಯಾಲೆ ಕುಡಿತೀನಿ ಬಿಡಪಾ."

ಹತ್ತು ಗಂಟೆಯವರೆಗೂ ಅವನು ಒಂದು ಗುಟುಕು ನೀರು ಸಹ ಕುಡಿಯಲಿಲ್ಲ. ಪಕ್ಕದಲ್ಲೇ ತಂಬಿಗೆ ಇತ್ತು. ತುಟಿ ಒಣಗಿ ದಾರದ ತುದಿ ಒದ್ದೆ ಮಾಡಲೂ ಉಗುಳು ಇರಲಿಲ್ಲ. ಹತ್ತೂವರೆಗೆ ರಮಾಳ ಸ್ಕೂಟಿ ಬಂತು. ಹೆಗಲಿನ ಚೀಲವನ್ನೂ ಇಳಿಸದೆ ಸೀದಾ ಒಳಗೆ ಬಂದು, ಅವನನ್ನು ಕಂಕುಳಿಗೆ ಕೈ ಹಾಕಿ ಎತ್ತಿಕೊಂಡು ಹಿಂದಕ್ಕೆ ಹೋದಳು. ಬಚ್ಚಲ ಬಾಗಿಲು ಹಾಕಿದ ಸದ್ದಾಯಿತು. ತಿರುಗಿ ಬಂದ ಮೇಲೆ ಅವನು ಎರಡು ಲೋಟ ನೀರು, ಒಂದು ಲೋಟ ಚಹಾ ಒಂದೇ ಉಸಿರಿಗೆ ಕುಡಿದ.

ಆಗ ನನಗೆ ತಿಳಿಯಿತು. ನಾನು ದೊಡ್ಡ ಬುದ್ಧಿವಂತ, ಎರಡು ತಾಸಿನಿಂದ ಹರಕೆ ಗಿರಕೆ ಎಂದು ತಮಾಷೆ ಮಾಡುತ್ತ ಕೂತಿದ್ದೆ.

"ಟೈಲ್ಸ್ ಹಾಕ್ಸಿದ ಎಂಟು ದಿನಕ್ಕ ಗಾಡಿ ಅಂಚಿಗೆ ಹೊಡದು ಮುಗ್ಗರಿಸಿಬಿದ್ದ, ಅಣ್ಣ," ಎಂದಳು ರಮಾ. "ಗದ್ದ ಒಡದು ನಾಕು ಹೊಲಿಗಿ. ಬಚ್ಚಲದ ಕಡಿಗಿರೋ ಅಂಚು ಭಾಳ ಕೆಟ್ಟವು. ನಾ ಇಲ್ದಾಗ ಹೋಗಬ್ಯಾಡ ಅಂತ ಆಣಿ ಹಾಕ್ಸೀನಿ."

"ಹಾಕಿದ ಹೊಲಿಗಿನೂ ಸರಿ ಇಲ್ಲ," ಎಂದು ಪ್ರಬುದ್ಧ ಗದ್ದ ತೋರಿಸಿದ. "ನಾನಾಗಿದ್ರ ಗೊತ್ತಾಗದಂಗ ಹಾಕತಿದ್ದೆ." ಆಮೇಲೆ ಸ್ವಲ್ಪ ದನಿ ಇಳಿಸಿದ. "ಹದಿನೆಂಟು ವರ್ಷ ಹಳೇ ಸಿಮೆಂಟ್ ನೆಲದ ಮ್ಯಾಲೆ ಒಬ್ಬನ ಹೋಗಿ ಒಬ್ಬನ ಬಂದೀನಿ. ಈಗ ಇಕಿ ಡ್ಯೂಟಿ ಟೈಮ್ ನೋಡಿ ನೀರು ಕುಡಿಯಂಗಾಗೇತಿ."

ನಾನು ಡಬ್ಬಿಯ ಮುಚ್ಚಳ ಹಾಕಿ ಅವನ ಕಡೆಗೇ ತಳ್ಳಿದೆ. ನಾಳೆ ಬರುತ್ತೇನೆ ಎಂದೆ. ಕೂಲಿಯ ಮಾತು ಎತ್ತಲಿಲ್ಲ. ನಾಲ್ಕು ಅಂಗಿ ಹೊಲಿದುಕೊಡು ಎಂದಷ್ಟೇ ಹೇಳಿದೆ. ಅವನ ಹತ್ತಿರ ಅಂಗಿ ಹೊಲಿಸುವುದೆಂದರೆ ಮುಂದಿನ ವರ್ಷದ ಮಾತು, ಅದು ಇಬ್ಬರಿಗೂ ಗೊತ್ತು.

ಮರುದಿನ ಟೈಲ್ಸ್ ಎತ್ತಲು ಕೂತೆ. ಇಲ್ಲಿ ಬೀರಲಿಂಗೇಶನ ಕೆಟ್ಟ ಕೆಲಸವೇ ನಮಗೆ ಉಪಕಾರಕ್ಕೆ ಬಂತು. ಪೂರ್ತಿ ಗಾರೆ ಹಚ್ಚಿದ ಟೈಲ್ಸು ಒಡೆಯದೆ ಏಳುವುದಿಲ್ಲ. ಇವು ಐದು ಉಂಡೆಯ ಮೇಲೆ ಕೂತಿದ್ದರಿಂದ, ಸಂದಿನಲ್ಲಿ ಬ್ಲೇಡು ಆಡಿಸಿ ಉಳಿಯಿಂದ ಎರಡು ಸಲ ಮೀಟಿದರೆ ತವೆಯ ಮೇಲಿನ ರೊಟ್ಟಿಯ ಹಾಗೆ ಎದ್ದು ಬಂದವು. ಎಂಟು ಎತ್ತಿ ಗೋಡೆಗೆ ಒರಗಿಸಿದೆ. ಅಂಚು ನೋಡಿದವನಿಗೆ ಅನುಮಾನ ಬಂತು. ಎರಡು ಟೈಲ್ಸು ಜೋಡಿಸಿ ಹಿಡಿದೆ. ಒಂದು ತೆಳು, ಒಂದು ದಪ್ಪ. ಇನ್ನೆರಡು ಹಿಡಿದೆ. ಅವು ಬೇರೆಯೇ ದಪ್ಪ.

"ಪ್ರಬುದ್ಧ, ಇವನ್ನ ಎಲ್ಲಿ ತಂದಿ?"

ಅವನು ಕಾಜಾ ಹೊಲಿಯುವುದರಲ್ಲಿ ಮುಳುಗಿದ. ಕಿವಿ ಕೇಳದವನ ಹಾಗೆ.

"ಲೇ, ನಿನಗ ಕೇಳಾಕತ್ತೀನಿ."

"ಅಂಗಡ್ಯಾಗ."

"ಯಾವ ಅಂಗಡ್ಯಾಗ?"

ಹಾಸ್ಟೆಲಿನಿಂದ ಆಗಲೇ ಬಂದಿದ್ದ ರಮಾ ಅಡುಗೆಮನೆಯಿಂದ ತಲೆ ಹೊರಗೆ ಹಾಕಿದಳು. "ನಾ ಹೇಳ್ತೀನಿ ಕೇಳ್ರಣ್ಣ. ಹಡಗಲ್ಯಾಗ ಒಂದಿಷ್ಟು, ಕೊಟ್ಟೂರಾಗ ಒಂದಿಷ್ಟು, ಹಗರಿಬೊಮ್ಮನಹಳ್ಳ್ಯಾಗ ಒಂದಿಷ್ಟು, ಕಡಿಮಿ ಬಿದ್ದದ್ದು ಇಲ್ಲೇ ಬಸ್ ಸ್ಟ್ಯಾಂಡ್ ಹಿಂದ. ಎಲ್ಲಾ ಉಳಿದ ಮಾಲು, ಅರ್ಧ ರೇಟಿಗೆ. ಸ್ಕೂಟರ್ ಮ್ಯಾಲೆ ಊರೂರು ತಿರಿಗ್ಯಾನ."

"ನಾಕು ಊರಾಗ ಒಂದ ಬಣ್ಣ ಹೆಂಗ ಸಿಕ್ತು?"

ಅಲ್ಲಿಯವರೆಗೆ ಸುಮ್ಮನಿದ್ದವನಿಗೆ ಈಗ ಜಂಬ ತಡೆಯಲಾಗಲಿಲ್ಲ. ಡ್ರಾ ಎಳೆದು ಒಂದು ದಾರದ ಉಂಡೆ ತೆಗೆದ. ಕೆನೆಯ ಬಣ್ಣದ್ದು. ಮೊದಲ ಟೈಲ್ಸಿಗೆ ಸರಿಹೊಂದುವ ದಾರವನ್ನು ತನ್ನ ಇನ್ನೂರು ಉಂಡೆಗಳಲ್ಲಿ ಆರಿಸಿ, ಅದನ್ನು ಜೇಬಿನಲ್ಲಿಟ್ಟುಕೊಂಡು ಊರೂರಿಗೆ ಹೋಗಿದ್ದ. ಅಂಗಡಿಯವರು ಇದೇ ಬಣ್ಣ ಎಂದು ತೋರಿಸಿದ್ದನ್ನೆಲ್ಲ ಬಿಸಿಲಿಗೆ ತಂದು, ಮೇಲೆ ದಾರ ಎಳೆದು ನೋಡಿ, ದಾರ ಕಾಣಿಸಿದರೆ ಬೇಡ, ದಾರ ಕಾಣೆಯಾದರೆ ತಗೊಂಡ.

"ನೋಡು, ನಾಕೂ ಅಂಗಡಿದು ಮುಂದ ಇಟ್ಕ. ಬಣ್ಣದಾಗ ಕೂದಲಷ್ಟು ಫರಕ್ ಇದ್ರ ಹೇಳು!"

ನಿಜವೇ. ಕೂದಲಷ್ಟೂ ಇರಲಿಲ್ಲ.

"ದಪ್ಪ ನೋಡಿದೇನು?"

"ದಪ್ಪ ಯಾಕ ನೋಡ್ಬೇಕು? ಬಟ್ಟಿ ದಪ್ಪ ಇದ್ರ ಸೂಜಿ ಬದಲಿ ಮಾಡ್ತೀವಿ."

ನನಗೆ ಬಂದ ಸಿಟ್ಟಿಗೆ ಉಳಿ ಎಸೆದು ಎದ್ದು ನಿಂತೆ. ಏನು ಬೈಯಬೇಕೋ ತಿಳಿಯದೆ, "ನಿನ್ನ ದಾರಕ್ಕಿಷ್ಟು!" ಎಂದೆ. ಅಡುಗೆಮನೆಯಲ್ಲಿ ರಮಾ ನಗುವುದು ಕೇಳಿ ನನಗೂ ನಗು ಬಂತು. ನಲವತ್ತು ದಾಟಿದ ಮನುಷ್ಯ, ತಾಲ್ಲೂಕಿನ ಹೆಂಗಸರೆಲ್ಲ ನಂಬಿದ ಕಣ್ಣು. ನೆಲಕ್ಕೂ ಸೀರೆ-ಬ್ಲೌಸಿನ ಮ್ಯಾಚಿಂಗ್ ನೋಡಿಬಿಟ್ಟಿದ್ದ.

ಹೊಸ ಟೈಲ್ಸಿಗೆ ಹಣವಿಲ್ಲ. ದಪ್ಪ ನಾಲ್ಕು ಥರ. ಏನು ಮಾಡುವುದೆಂದು ತಲೆ ಕೆರೆದುಕೊಂಡು ಕೂತಾಗ ಉಪಾಯ ಹೇಳಿದವನೂ ಅವನೇ.

"ಜಾಕೀಟಿನ ಮುಂದ ಹರದ್ರ ನಾವು ಒಳಗಿನ ಮಡಿಕಿ ಬಿಚ್ಚಿ, ಆ ಬಟ್ಟಿ ತಗದು ಮುಂದ ಹಾಕ್ತೀವಿ. ಮಡಿಕಿಗೆ ಬ್ಯಾರೆ ಬಟ್ಟಿ. ಯಾರು ನೋಡ್ತಾರ?"

ಹಾಗೇ ಮಾಡಿದೆವು. ಕೊಟ್ಟೂರಿನಿಂದ ತಂದವು ಎಲ್ಲಕ್ಕಿಂತ ಹೆಚ್ಚಿದ್ದವು, ಎಲ್ಲವೂ ಒಂದೇ ದಪ್ಪ. ಅವು ಮಂಚದ ಕೆಳಗೆ, ಬೀರುವಿನ ಕೆಳಗೆ, ಮೂಲೆಗಳಲ್ಲಿ ಸೇರಿಕೊಂಡಿದ್ದವು. ಅವನ್ನು ಎತ್ತಿ ಗೆರೆಯ ದಾರಿಗೆ ತಂದು, ದಾರಿಯಲ್ಲಿದ್ದ ದಪ್ಪ-ತೆಳುವನ್ನು ಮಂಚದ ಕೆಳಗೆ ಸೇರಿಸುವುದು. ಒಟ್ಟು ಇಪ್ಪತ್ತಾರು ಟೈಲ್ಸಿನ ದಾರಿ. ಎರಡು ಚೀಲ ಸಿಮೆಂಟು, ನಾಲ್ಕು ಬುಟ್ಟಿ ಮರಳು, ಒಂದು ಬ್ಲೇಡು. ಡಬ್ಬಿಯಲ್ಲಿ ಇನ್ನೂ ಉಳಿಯಿತು.

ಮಧ್ಯಾಹ್ನ ಬೀರಲಿಂಗೇಶ ಬಂದ. ತನ್ನ ಕೆಲಸ ಕೀಳುತ್ತಿದ್ದಾರೆಂದು ಓಣಿಯಲ್ಲಿ ಯಾರೋ ಹೇಳಿದ್ದರಂತೆ. ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟ.

"ಏನ್ ಜಂಬಣ್ಣ, ನನ್ನ ಕೆಲಸದಾಗ ಏನ್ ತಪ್ಪು ಕಂಡೀ?"

"ತಪ್ಪು ಆಮ್ಯಾಲೆ ಹೇಳ್ತೀನಿ, ಮೊದಲು ಸರಿ ಇದ್ದದ್ದು ನೀ ತೋರಿಸು."

ಅವನು ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದ. ಬಚ್ಚಲ ಬಾಗಿಲ ಹತ್ತಿರ ನಿಂತು, ಇನ್ನೂ ಕೀಳದ ಕಡೆ ಸುರಿದ. ನೀರು ಅಡುಗೆಮನೆ ದಾಟಿ, ಮಂಚ ದಾಟಿ, ಒಂದು ಹನಿ ಅತ್ತ ಇತ್ತ ಹೋಗದೆ ತಲೆಬಾಗಿಲಿಗೆ ಬಂದು ಹೊಸ್ತಿಲ ತೂತಿನಿಂದ ಹೊರಗೆ ಇಳಿಯಿತು.

"ಇದಕ್ಕಂತಾರ ನೆಲ! ಮನಿ ತೊಳದ್ರ ನೀರು ನಿಂದರಬಾರದು. ಬಂಡೆಗಲ್ಲಿನ ವಾಟ ಕೊಟ್ಟೀನಿ ನಾ."

ವಾಟ ಎಂದರೆ ನೀರು ಹರಿಯಲು ಕೊಡುವ ಇಳಿಜಾರು. ನಮ್ಮ ಕಡೆ ಸೋಮವಾರಕ್ಕೊಮ್ಮೆ ಮನೆಯನ್ನು ಕೊಡ ಕೊಡ ನೀರು ಹಾಕಿ ತೊಳೆಯುತ್ತಾರೆ. ವಾಟ ಇಲ್ಲದ ನೆಲ ಹಾಕಿದ ಮೇಸ್ತ್ರಿಗೆ ಮನೆಯ ಹೆಂಗಸರು ಎರಡನೆಯ ಸಲ ಚಹಾ ಕೊಡುವುದಿಲ್ಲ. ಹಾಗಾಗಿ ಇಳಿಜಾರಿನಲ್ಲಿ ನನಗೂ ತಪ್ಪು ಕಾಣಿಸಲಿಲ್ಲ. ಅಂಚುಗಳನ್ನು ತೋರಿಸಿ ಬೈಯಲು ಬಾಯಿ ತೆರೆದೆ. ಕೈಯಲ್ಲಿ ಸುತ್ತಿಗೆಯೂ ಇತ್ತು. ಅಷ್ಟರಲ್ಲಿ ಪ್ರಬುದ್ಧ ಗರ್‍ರ್ ಎಂದು ನಮ್ಮಿಬ್ಬರ ನಡುವೆ ಬಂದು ನಿಂತ.

"ಬೀರಲಿಂಗೇಶಣ್ಣ, ನೀ ಅರ್ಧ ಕೂಲಿಗೆ ಹಾಕಿಕೊಟ್ಟೀ. ನಾ ಮರತಿಲ್ಲ. ತಪ್ಪು ನಂದು, ನಾಕು ಥರದ ಟೈಲ್ಸ್ ತಂದು ನಿನ್ನ ಕೈಯಾಗಿಟ್ಟೆ. ಈಗ ಬಂದೀ, ಜಂಬಣ್ಣಗ ಗಾರಿ ಕಲಸಿಕೊಡು."

"ನಾ ಇವನ ಕೈ ಕೆಳಗ ಗಾರಿ ಕಲಸಬೇಕಾ?"

"ಇವನ ಕೈ ಕೆಳಗ ಅಲ್ಲ, ನನ್ನ ಮನ್ಯಾಗ."

ಬೀರಲಿಂಗೇಶ ಗೊಣಗುತ್ತ ಪಂಚೆ ಎತ್ತಿಕಟ್ಟಿದ. ಗಾರೆ ಮಾತ್ರ ಬೆಣ್ಣೆಯ ಹಾಗೆ ಕಲಸಿದ. ಈ ಸಲ ಟೈಲ್ಸಿನ ಬೆನ್ನಿಗೆ ಮೂಲೆ ಬಿಡದೆ ಗಾರೆ ಹಚ್ಚಿದೆವು. ನಾನು ಕೂರಿಸಿದ ಪ್ರತಿ ಟೈಲ್ಸಿನ ಅಂಚಿಗೂ ಅವನು ಬಂದು ಉಗುರು ಎಳೆದು ನೋಡುತ್ತಿದ್ದ, ಒಂದಾದರೂ ತಡೆಯಲಿ ಎಂದು. ಒಂದೂ ತಡೆಯಲಿಲ್ಲ. ಅವನ ಮುಖ ಸಪ್ಪಗಾಯಿತು, ನನಗೆ ಊಟ ರುಚಿಸಿತು.

ಗಾರೆ ಬಿಗಿಯಲು ಮೂರು ದಿನ ಬಿಟ್ಟೆವು. ರಮಾ ಆ ಮೂರು ದಿನ ರಜೆ ಹಾಕಿದಳು. ನಾಲ್ಕನೆಯ ದಿನ ರಮಾ ಬೆಳಗಿನ ಡ್ಯೂಟಿ ಮುಗಿಸಿ ಬಂದ ಮೇಲೆ, ಬೀರಲಿಂಗೇಶನನ್ನೂ ಕರೆಸಿ, ಪ್ರಬುದ್ಧ ಹೊಸ ಅಂಗಿ ಹಾಕಿಕೊಂಡು, ಬಚ್ಚಲ ಬಾಗಿಲಿಂದ ಹೊರಡುತ್ತೇನೆ ಎಂದು ಅಲ್ಲಿಗೆ ಹೋಗಿ ಕೂತ. ಬೇರಿಂಗಿಗೆ ಎಣ್ಣೆ ಬಿಟ್ಟಿದ್ದ.

ಒಂದು ಸಲ ತಳ್ಳಿದ. ಟಕ್ ಎನ್ನಲಿಲ್ಲ. ಗಾಡಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಅಡುಗೆಮನೆ ದಾಟಿತು. ಅವನು ಖುಷಿಯಿಂದ ಎರಡೂ ಕೈ ಮೇಲೆತ್ತಿದ. ಮಂಚ ದಾಟಿತು. ಮಷಿನ್ನು ದಾಟಿತು. ನಿಲ್ಲಲಿಲ್ಲ. ಅವನು ಕೈ ಇಳಿಸುವಷ್ಟರಲ್ಲಿ ಗಾಡಿ ಇನ್ನೂ ಜೋರಾಯಿತು. ಬಾಗಿಲಲ್ಲಿ ತೆಲಿಗಿಯ ಗುರುಬಸಮ್ಮ ಬ್ಲೌಸು ಕೇಳಲು ಬಂದು ಆಗ ತಾನೇ ನಿಂತಿದ್ದಳು. ಕಿರಾಣಿ ಅಂಗಡಿ ನಡೆಸುವ ಗಟ್ಟಿ ಹೆಂಗಸು. ತನ್ನ ಕೈಚೀಲವನ್ನು ಹೊಸ್ತಿಲಿಗೆ ಅಡ್ಡ ಇಟ್ಟು ಗಾಡಿಯನ್ನು ತಡೆದಳು.

"ಏನೋ ಪ್ರಬುದ್ಧ, ಮೂರು ವಾರದಿಂದ ತಪ್ಪಿಸಿಕೊಂತಿದ್ದಿ. ಇವತ್ತ ಎದುರಿಗೆ ಬಂದು ಕರಿಯಾಕತ್ತಿ!"

"ನಾ ಬಂದಿಲ್ಲಬೇ. ಮನಿ ಕಳಿಸೇತಿ."

ಎಲ್ಲರೂ ನಕ್ಕೆವು. ನಕ್ಕದ್ದು ಸ್ವಲ್ಪ ಹೊತ್ತು. ಅವನು ಮಷಿನ್ನಿನ ಹತ್ತಿರ ಹೋಗಿ ಸೂಜಿಗೆ ದಾರ ಪೋಣಿಸಲು ಎರಡೂ ಕೈ ಎತ್ತಿದ. ದಾರ ಸೂಜಿಯ ಕಣ್ಣಿಗೆ ಹೋಗುವ ಮೊದಲೇ ಅವನು ಮಷಿನ್ನನ್ನು ಬಿಟ್ಟು ಎರಡು ಅಡಿ ಬಾಗಿಲ ಕಡೆ ಹೋಗಿದ್ದ. ಬಚ್ಚಲಲ್ಲೂ ಅದೇ ಕಥೆ. ಗಾಡಿಯಿಂದ ಕಟ್ಟೆಗೆ ದಾಟಬೇಕೆಂದರೆ ಗಾಡಿ ನಿಲ್ಲಬೇಕಲ್ಲ? ಕೈ ಬಿಟ್ಟರೆ ಗಾಡಿ ಹೋಯಿತು. ಇಷ್ಟು ದಿನ ಆ ಹಾಳು ಅಂಚುಗಳೇ ಬ್ರೇಕಾಗಿದ್ದವು. ನಾನು ಬ್ರೇಕು ಕಿತ್ತು ಇಳಿಜಾರು ಉಳಿಸಿದ್ದೆ.

"ನಾಳಿಂದ ಹಂಗಾರ ಮೊದಲಿನಂಗ, ನಾ ಬಂದ ಮ್ಯಾಲೆ," ಎಂದು ರಮಾ ಒಳಗೆ ಹೋದಳು. ಪ್ರಬುದ್ಧನ ಮುಖದಲ್ಲಿ ಇದ್ದ ನಗು ಅಲ್ಲೇ ಉಳಿಯಿತು, ಆದರೆ ಕಣ್ಣಿನಲ್ಲಿ ಇರಲಿಲ್ಲ. ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಮೆಲ್ಲಗೆ ದೂರ ಸರಿಸಿದ.

ನನಗೆ ತಡೆಯಲಾಗಲಿಲ್ಲ. "ಎಲ್ಲಾ ಕಿತ್ತಾಕತೀನಿ! ಮಟ್ಟ ಮಾಡಿ ಹಾಕತೀನಿ! ಡಬ್ಬಿನೂ ಬ್ಯಾಡ, ನಿನ್ನ ಅಂಗಿನೂ ಬ್ಯಾಡ!" ಎಂದು ಸುತ್ತಿಗೆ ಎತ್ತಿದೆ. ಬೀರಲಿಂಗೇಶ ನನ್ನ ತೋಳು ಹಿಡಿದುಕೊಂಡು, ವಾಟ ತೆಗೆದರೆ ಮನೆಯಲ್ಲಿ ಕೆರೆಯಾಗುತ್ತದೆ ಎಂದು ಕೂಗಿದ. ಕಿತ್ತರೆ ಈ ಸಲ ಟೈಲ್ಸು ಪುಡಿಯಾಗುತ್ತದೆ ಎಂಬುದು ನನಗೂ ಗೊತ್ತಿತ್ತು. ನಾನೇ ಗಟ್ಟಿಯಾಗಿ ಕೂರಿಸಿದ್ದೆ.

ಈ ಗದ್ದಲದಲ್ಲಿ ಗುರುಬಸಮ್ಮ ತನ್ನ ಬ್ಲೌಸು ಕೊಡದಿದ್ದರೆ ಹೋಗುವುದಿಲ್ಲವೆಂದು ಕುರ್ಚಿ ಎಳೆದುಕೊಂಡು ಕೂತಳು. ಅದಕ್ಕೆ ಉಳಿದದ್ದು ಹುಕ್ಕು ಹಚ್ಚುವ ಕೆಲಸ ಮಾತ್ರ. ಪ್ರಬುದ್ಧ ಗೋಡೆಗೆ ಒರಗಿ, ಗಾಡಿಗೆ ಕತ್ತರಿಯನ್ನು ಅಡ್ಡ ಕೊಟ್ಟು, ಹುಕ್ಕು ಹಚ್ಚತೊಡಗಿದ. ಒಂದು ಹುಕ್ಕು, ಎದುರಿಗೆ ಒಂದು ಕಣ್ಣು. ಸಿಕ್ಕಿಸಿ ಎಳೆದು ನೋಡಿದ. ಬಿಚ್ಚಿದ. ಮತ್ತೆ ಸಿಕ್ಕಿಸಿದ. ಆಮೇಲೆ ನೆಲದ ಕಡೆ ನೋಡುತ್ತ ಹಾಗೇ ಕೂತುಬಿಟ್ಟ.

"ಜಂಬಣ್ಣ. ಎರಡು ಟೈಲ್ಸಿನ ನಡುವಿನ ಸಂದಿ ಐತಲ್ಲ, ಅದನ್ನ ಸ್ವಲ್ಪ ಅಗಲ ಮಾಡಿದ್ರ ಬೇರಿಂಗು ಅದರಾಗ ಕುಂದರ್ತೈತೋ ಇಲ್ಲೋ?"

"ಕುಂದರ್ತೈತಿ. ಯಾಕ?"

"ಹುಕ್ಕು ಕಣ್ಣಾಗ ಕುಂತಂಗ. ತಾನಾಗಿ ಬಿಚ್ಚಬಾರದು, ಕೈ ಹಾಕಿದ್ರ ಬಿಚ್ಚಬೇಕು. ಎಲ್ಲೆಲ್ಲಿ ನಿಂದರಬೇಕೋ ಅಲ್ಲಿ ಅಷ್ಟ."

"ನಾನು ಇಪ್ಪತ್ತೈದು ವರ್ಷದಿಂದ ಸಂದಿ ಮುಚ್ಚಿ ಹೊಟ್ಟಿ ಹೊರದೀನಿ. ನನ್ನ ಕೈಲಿ ಸಂದಿ ತಗಸ್ತೀಯೇನಲೇ? ನೋಡಿದವರು ಏನಂತಾರ?"

"ಬೀರಲಿಂಗೇಶ ತಗದಾನ ಅಂತ ಹೇಳು."

"ಅಯ್, ನನ್ನ ಹೆಸರು ಯಾಕ?" ಎಂದ ಬೀರಲಿಂಗೇಶ.

ಬೈಯುತ್ತಲೇ ಗ್ರೈಂಡರ್ ಹಚ್ಚಿದೆ. ಮೊದಲು ಮಷಿನ್ನಿನ ಮುಂದೆ. ಪ್ರಬುದ್ಧ ಕೂತು ತೋರಿಸಿದ ಕಡೆ, ಮುಂದಿನ ಬೇರಿಂಗು ನಿಲ್ಲುವ ಸಂದನ್ನು ಸಣ್ಣ ಬೆರಳಿನ ಅಗಲಕ್ಕೆ ಬಿಡಿಸಿದೆ. ಹೆಚ್ಚಾದರೆ ಗಾಡಿ ಮುಗ್ಗರಿಸುತ್ತದೆ, ಕಡಿಮೆಯಾದರೆ ಜಾರುತ್ತದೆ. ಮೂರು ಸಲ ಕೊರೆದು, ಮೂರು ಸಲ ಅವನನ್ನು ಕೂರಿಸಿ ನೋಡಿದೆ. ಮೂರನೆಯ ಸಲ ಬೇರಿಂಗು ಸಣ್ಣಗೆ ಟಿಕ್ ಎಂದು ಒಳಗೆ ಕೂತಿತು. ಅವನು ಎರಡೂ ಕೈ ಎತ್ತಿ ದಾರ ಪೋಣಿಸಿದ. ಗಾಡಿ ಅಲ್ಲಾಡಲಿಲ್ಲ. ಮರದ ತುಂಡಿನಿಂದ ಒಮ್ಮೆ ಒತ್ತಿದ, ಹೊರಗೆ ಬಂತು.

ಮಂಚದ ಹತ್ತಿರ ಒಂದು, ಬಾಗಿಲ ಹತ್ತಿರ ಒಂದು, ಬಚ್ಚಲ ಕಟ್ಟೆಯ ಪಕ್ಕ ಒಂದು. ನಾಲ್ಕು ಮುಗಿಸಿ ಗ್ರೈಂಡರ್ ಸುತ್ತುವಾಗ ರಮಾ ಮೆಲ್ಲಗೆ ಹತ್ತಿರ ಬಂದಳು.

"ಅಣ್ಣ, ಅಡಿಗಿಮನಿ ಕಪಾಟಿನ ಮುಂದ ಒಂದು ಸ್ವಲ್ಪ ಜೋರು ಸಪ್ಪಳ ಬರಂಗ ಹಾಕಿಕೊಡು."

"ಅಲ್ಲಿ ಯಾಕ ನಿಂದರ್ತಾನ?"

"ಅದನ್ನ ಅವನ್ನ ಕೇಳು. ಬೆಲ್ಲದ ಡಬ್ಬಿ ಅಲ್ಲೇ ಐತಿ. ಡಾಕ್ಟರು ಸಕ್ರಿ ಐತಿ, ಬಾಯಿ ಕಟ್ಟು ಅಂದಾರ. ಮೊದಲು ಟಕ್ ಅಂತಿತ್ತು, ಗೊತ್ತಾಗ್ತಿತ್ತು. ಈಗ ಎಣ್ಣಿ ಬೇರೆ ಬಿಟ್ಕೊಂಡಾನ."

ಆ ಐದನೆಯ ಸಂದನ್ನು ನಾನು ಬಹಳ ಮನಸ್ಸಿಟ್ಟು ಕೊರೆದೆ. ಪ್ರಬುದ್ಧ ಅದರ ಮೇಲೆ ಹೋಗಿ ಟಕ್ ಎಂದು ಸದ್ದು ಬಂದಾಗ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ನಾಕು ಅಂಗಿ ಅಂದಿದ್ದಿ ಅಲ್ಲ?" ಎಂದ. "ಎರಡಕ್ಕ ತೋಳು ಇರಂಗಿಲ್ಲ."

ಮೂರು ಗಂಟೆಗೆ ರಮಾ ಸಂಜೆಯ ಡ್ಯೂಟಿಗೆ ಹೊರಟಳು. ಇನ್ನು ಬರುವುದು ರಾತ್ರಿ ಎಂಟಕ್ಕೆ. ಸ್ಕೂಟಿಯ ಕೀಲಿ ಹಿಡಿದು ಬಾಗಿಲಲ್ಲಿ ನಿಂತಳು, ಹೋಗಲೊಲ್ಲಳು. ಪ್ರಬುದ್ಧ ಗಾಡಿ ತಿರುಗಿಸಿಕೊಂಡು ಹಿಂದಕ್ಕೆ ಹೋದ. ಏರಿನ ಕಡೆಗೆ ಎಂಟು ಸಲ ತಳ್ಳಿದ, ನಾನು ಎಣಿಸಿದೆ. ಬಚ್ಚಲೊಳಗೆ ಟಿಕ್ ಎಂದಿತು. ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಅಗುಳಿ ಬಿತ್ತು. ನಾವು ಮೂವರೂ ಬೇರೆ ಬೇರೆ ಕಡೆ ನೋಡುತ್ತ ನಿಂತೆವು. ಗುರುಬಸಮ್ಮ ತನ್ನ ಬ್ಲೌಸಿನ ಹುಕ್ಕು ಎಣಿಸಿದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು. "ಇನ್ನೂ ಹೋಗಿಲ್ಲೇನೇ? ಹಾಸ್ಟೆಲ್ ಹುಡುಗ್ಯಾರು ಉಪಾಸ ಕುಂತಾವು!"

"ಹೊಂಟೆ, ಹೊಂಟೆ. ಬೆಲ್ಲದ ಡಬ್ಬಿ ತೂಕ ಮಾಡಿಟ್ಟೀನಿ, ನೆನಪಿರ್ಲಿ," ಎಂದು ರಮಾ ಸ್ಕೂಟಿ ಹತ್ತಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಗ್ರೈಂಡರಿನ ಧೂಳಿಗೇ ಇರಬೇಕು.

ಅವನು ತಿರುಗಿ ಬಂದು ಮಷಿನ್ನಿನ ಮುಂದೆ ತನ್ನ ಸಂದಿನಲ್ಲಿ ಕೂತ. ಬೀರಲಿಂಗೇಶನಿಗೆ ಮಾತ್ರ ಇನ್ನೂ ಸಮಾಧಾನವಿರಲಿಲ್ಲ. ಈ ಸಂದುಗಳಿಂದ ತನ್ನ ವಾಟ ಕೆಟ್ಟಿರಬಹುದೆಂದು ಅನುಮಾನ. ಒಳಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದ.

"ನೋಡೇಬಿಡ್ತೀನಿ, ಈಗ ನೀರು ಬಾಗಿಲಿಗೆ ಹೋಗ್ತಾವೋ ಇಲ್ಲೋ."

ಸುರಿಯಲು ಬಗ್ಗಿದವನ ಕೈಯನ್ನು ಪ್ರಬುದ್ಧ ಹಿಡಿದುಕೊಂಡ.

"ಚೆಲ್ಲಬ್ಯಾಡೋ ಮಾರಾಯ. ಕೊಡಿಲ್ಲಿ."

ತಂಬಿಗೆ ಎತ್ತಿ, ತಲೆ ಹಿಂದಕ್ಕೆ ಹಾಕಿ, ಗದ್ದದ ಹೊಲಿಗೆಯ ಗುರುತಿನ ಮೇಲೆ ನೀರು ಇಳಿಯುವ ಹಾಗೆ ಕುಡಿದ. ಅರ್ಧಕ್ಕೆ ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ಕುಡಿದ. ತಳದ ಹನಿಯೂ ಬಿಡಲಿಲ್ಲ. ಖಾಲಿ ತಂಬಿಗೆಯನ್ನು ಬೀರಲಿಂಗೇಶನ ಕೈಗೆ ಕೊಟ್ಟು, ಬಾಯಿ ಒರೆಸಿಕೊಂಡ.

"ಇನ್ನೊಂದು ತುಂಬಿಕೊಂಡು ಬಾ," ಎಂದ.